ಕೇಳಿಸ್ಲಿಲ್ಲ, ಇನ್ನೊಂದ್ ಸಲ ಹೇಳು

ಒಂದೇ ಕೆಲಸವನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಮಾಡುವುದರಲ್ಲಿ ನಾನು ಪಳಗಿದವನು ಎಂದು ಬಹಳ ಕಾಲ ನಂಬಿಕೊಂಡಿದ್ದೆ. ನಂಬುವುದಕ್ಕೆ ಕಾರಣವೂ ಇತ್ತು. ಮೂವತ್ತೈದು ವರ್ಷ ದೆಹಲಿಯಲ್ಲಿ ಕೇಂದ್ರ ಸರ್ಕಾರದ ನೌಕರಿ ಮಾಡಿದವನು ನಾನು. ಬೆಳಿಗ್ಗೆ ಮೇಲಕ್ಕೆ ಕಳಿಸಿದ ಫೈಲು ಮಧ್ಯಾಹ್ನ ‘ಚರ್ಚಿಸಿ’ ಎಂಬ ಒಂದೇ ಪದ ಹೊತ್ತು ಕೆಳಕ್ಕೆ ಬರುತ್ತಿತ್ತು. ಚರ್ಚಿಸಿ, ಮೊದಲು ಬರೆದದ್ದನ್ನೇ ಪದಗಳನ್ನು ಕೊಂಚ ಹಿಂದುಮುಂದು ಮಾಡಿ ಬರೆದು ಕಳಿಸಿದರೆ ಮರುದಿನ ‘ಈಗ ಸರಿಯಾಗಿದೆ’ ಎಂಬ ಮೆಚ್ಚುಗೆ ಬರುತ್ತಿತ್ತು. ಇಷ್ಟು ತಾಲೀಮಾದ ಮನುಷ್ಯನಿಗೆ ನಾಲ್ಕೂವರೆ ವರ್ಷದ ಮೊಮ್ಮಗಳಿಗೆ ಕನ್ನಡದ ಅಕ್ಷರ ಕಲಿಸುವುದು ಎಷ್ಟರ ಕೆಲಸ? ಹಾಗಂದುಕೊಂಡದ್ದೇ ತಪ್ಪಾಯಿತು. ಆ ತಪ್ಪು ನನ್ನನ್ನು ಕಡೆಗೆ ಕಿವಿ ಡಾಕ್ಟರ ಬಳಿ ತಂದು ಕೂರಿಸಿತು.

ನಿವೃತ್ತಿಯಾದ ಮೇಲೆ ಲೋಧಿ ಕಾಲೋನಿಯ ಸರ್ಕಾರಿ ಮನೆ ಬಿಟ್ಟು, ನಾನೂ ನನ್ನ ಹೆಂಡತಿ ವಿಮಲಾ ಇಬ್ಬರೂ ವಸಂತ್ ಕುಂಜಿನಲ್ಲಿರುವ ಮಗಳ ಮನೆಗೆ ಬಂದೆವು. ಮಗಳು ಸುಧಾ ಅಲ್ಲೇ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾಳೆ. ಅಳಿಯ ಲಖನೌ ಕಡೆಯವನು, ಬಹಳ ಒಳ್ಳೆಯವನು. ಕನ್ನಡದಲ್ಲಿ ಅವನಿಗೆ ‘ಊಟ ಆಯ್ತಾ’ ಎಂಬುದೊಂದು ಬರುತ್ತದೆ. ನನ್ನ ಮೇಲಿನ ಗೌರವದಿಂದ ಬೆಳಿಗ್ಗೆ ಆರು ಗಂಟೆಗೂ ಅದನ್ನೇ ಕೇಳುತ್ತಾನೆ. ಇನ್ನು ಮೊಮ್ಮಗಳು ತಾರಾ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆದರೆ ಉತ್ತರ ಬರುವುದು ಹಿಂದಿಯಲ್ಲಿ. “ಪುಟ್ಟಿ, ಹಾಲು ಕುಡಿದ್ಯಾ?” ಅಂದರೆ “ಪೀ ಲಿಯಾ, ತಾತಾ” ಅನ್ನುತ್ತಾಳೆ. ಹಾಲು ಕುಡಿದಳು, ಅಷ್ಟೇ ತಾನೆ ಬೇಕಾದದ್ದು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಒಂದು ದಿನ ಊರಿಂದ ನನ್ನ ತಂಗಿ ಫೋನು ಮಾಡಿದಾಗ ಈ ಮಗು ರಿಸೀವರಿನಲ್ಲಿ ಏನೂ ಹೇಳಲಾಗದೆ, ಸುಮ್ಮನೆ ಉಸಿರಾಡುತ್ತ ನಿಂತುಬಿಟ್ಟಿತು. “ಇನ್ಮೇಲೆ ದಿನಾ ಸಂಜೆ ತಾರಾಗೆ ನಾನೇ ಕನ್ನಡ ಹೇಳ್ಕೊಡ್ತೀನಿ” ಎಂದು ಮನೆಯಲ್ಲಿ ಘೋಷಿಸಿದೆ. ಸುಧಾ, “ಅಪ್ಪಾ, ಅವಳ ಸ್ಕೂಲಲ್ಲಿ ಉರು ಹೊಡ್ಸೋದೆಲ್ಲ ಇಲ್ಲ. ಆಟದ ಥರ ಇರ್ಬೇಕಂತೆ” ಎಂದಳು. ನಾನು ನಕ್ಕೆ. ಉರು ಹೊಡೆದೇ ದೆಹಲಿಯವರೆಗೆ ಬಂದವನ ಮುಂದೆ ಎಂಥ ಮಾತು!

ನನ್ನ ಅಕ್ಷರಾಭ್ಯಾಸ ನಡೆದದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ, ಹರಡಿದ ಮರಳಿನ ಮೇಲೆ. ಹಾಗಾಗಿ ತಾರಾಳಿಗೂ ಮರಳೇ ಆಗಬೇಕೆಂದು ಹೊರಟೆ. ವಸಂತ್ ಕುಂಜಿನಲ್ಲಿ ಬೇಕೆಂದರೆ ಇಟಾಲಿಯನ್ ಚೀಸ್ ಸಿಗುತ್ತದೆ, ಒಂದು ಬೊಗಸೆ ಮರಳು ಸಿಗುವುದಿಲ್ಲ. ಪಕ್ಕದ ಬ್ಲಾಕಿನಲ್ಲಿ ಮನೆ ರಿಪೇರಿ ನಡೆಯುತ್ತಿತ್ತು. ಸ್ಟೀಲ್ ಡಬ್ಬಿ ಹಿಡಿದು ಅಲ್ಲಿಗೆ ಹೋಗಿ ಮರಳ ರಾಶಿಯ ಪಕ್ಕ ಕೂತೆ. ವಾಚ್‌ಮನ್ ಬಂದು ನಿಂತ. “ಬಾಬೂಜೀ, ಇತ್ನೀ ಸೀ ರೇತ್ ಸೇ ಕ್ಯಾ ಬನಾಓಗೇ?” ಎಂದು ಕೇಳಿದ. ಇಷ್ಟು ಮರಳಿನಲ್ಲಿ ಏನು ಕಟ್ಟುತ್ತೀರಿ ಎಂಬ ಅವನ ಪ್ರಶ್ನೆ ನ್ಯಾಯವಾಗಿಯೇ ಇತ್ತು. ಮೊಮ್ಮಗಳ ಭವಿಷ್ಯ ಕಟ್ಟುತ್ತೇನೆ ಎಂದು ಹೇಳುವಷ್ಟು ನನ್ನ ಹಿಂದಿ ಬೆಳೆದಿಲ್ಲ. “ಗಮಲಾ” ಎಂದೆ. ಹೂವಿನ ಕುಂಡಕ್ಕೆ ಎಂದುಕೊಂಡು ಅವನು ಉದಾರವಾಗಿ ಎರಡು ಹಿಡಿ ಹೆಚ್ಚು ಹಾಕಿಕೊಟ್ಟ. ಆ ಮರಳನ್ನು ತೊಳೆದು ಬಾಲ್ಕನಿಯಲ್ಲಿ ಒಣಹಾಕಿದರೆ, ಕೆಳಗಿನ ಮನೆಯ ಭಾಟಿಯಾರ ಬೆಕ್ಕು ಅದನ್ನು ಬೇರೆಯೇ ಉದ್ದೇಶಕ್ಕೆಂದು ತಿಳಿದು ಉಪಯೋಗಿಸಿಬಿಟ್ಟಿತು. ಕೊನೆಗೆ ಸ್ಲೇಟು ತಂದೆ.

ಸ್ಲೇಟಿನ ಮೇಲೆ ದೊಡ್ಡದಾಗಿ ‘ಅ’ ಬರೆದು, “ಇದರ ಮೇಲೇ ತಿದ್ದು ಪುಟ್ಟಿ” ಎಂದೆ. ತಿದ್ದಿದಳು. ಇನ್ನೊಂದು ಸಲ ಅಂದೆ. ತಿದ್ದಿದಳು. ತಿದ್ದಿ ಮುಗಿದ ಮೇಲೆ ಮಾತ್ರ ತಪ್ಪದೆ ಅಕ್ಷರದ ತಲೆಯ ಮೇಲೊಂದು ಉದ್ದ ಗೆರೆ ಎಳೆದಳು. ಸ್ಕೂಲಿನಲ್ಲಿ ಆಗಲೇ ಹಿಂದಿ ಅಕ್ಷರ ಶುರುವಾಗಿತ್ತು. ನಮ್ಮ ದುಂಡು ‘ಅ’ ಬಟ್ಟೆ ಒಣಗಿಸುವ ಹಗ್ಗಕ್ಕೆ ನೇತುಹಾಕಿದ ಹಾಗೆ ಕಾಣುತ್ತಿತ್ತು. “ಕನ್ನಡದಲ್ಲಿ ಆ ಗೆರೆ ಇಲ್ಲಮ್ಮ” ಎಂದರೆ, “ಛತ್ ತೋ ಚಾಹಿಯೇ ನಾ ತಾತಾ! ಬಾರಿಶ್ ಆಯೇಗೀ ತೋ?” ಎಂದು ನನ್ನನ್ನೇ ಕೇಳಿದಳು. ಸೂರಿಲ್ಲದಿದ್ದರೆ ಮಳೆ ಬಂದಾಗ ಅಕ್ಷರ ಏನು ಮಾಡಬೇಕು? ಮೊದಲ ದಿನ ಇದನ್ನು ಕೇಳಿ ನಾನು ಬಿದ್ದು ಬಿದ್ದು ನಕ್ಕೆ, ಮನೆಯವರಿಗೆಲ್ಲ ಹೇಳಿದೆ. ಐದನೆಯ ದಿನ ಮುಗುಳ್ನಕ್ಕೆ. ಹನ್ನೊಂದನೆಯ ದಿನವೂ ‘ಅ’ ಸೂರಿನ ಕೆಳಗೇ ಇತ್ತು. ಆ ದಿನ ನನ್ನ ಬಾಯಿಂದ, “ಎಷ್ಟು ಸಲ ಹೇಳ್ಬೇಕು ನಿಂಗೆ!” ಎಂಬ ಮಾತು ಜೋರಾಗಿಯೇ ಬಂತು. ಸ್ಲೇಟು ಕಸಿದುಕೊಂಡೆ. ಅವಳ ಕೈಯಲ್ಲಿದ್ದ ಬಳಪ ಕೆಳಗೆ ಬಿದ್ದು ಎರಡಾಯಿತು. ತಾರಾ ಅಳಲಿಲ್ಲ. ತುಂಡುಗಳನ್ನು ಎತ್ತಿ ನನ್ನ ಪಕ್ಕ ಇಟ್ಟು ಅಜ್ಜಿಯ ಹತ್ತಿರ ಹೋಗಿಬಿಟ್ಟಳು.

ಮೂರು ದಿನ ಅವಳು ನನ್ನ ಹತ್ತಿರ ಬರಲಿಲ್ಲ. ವಿಮಲಾ, “ಏನ್ರೀ, ಆಫೀಸಿನ ಜೋರನ್ನೆಲ್ಲ ತಂದು ಮಗು ಮೇಲೆ ತೋರಿಸ್ತೀರಲ್ಲ” ಎಂದಳು. ಆಫೀಸಿನಲ್ಲಿ ನನ್ನ ಜೋರು ಯಾರ ಮೇಲೂ ನಡೆಯುತ್ತಿರಲಿಲ್ಲವೆಂಬುದು ಅವಳಿಗೆ ಗೊತ್ತಿಲ್ಲ, ಆ ಮಾತು ಬೇರೆ. ಚಳಿಗಾಲದ ಬಿಸಿಲಿಗೆ ಪಾರ್ಕಿನ ಬೆಂಚಿನ ಮೇಲೆ ಒಬ್ಬನೇ ಕೂತು ದೂರದಿಂದ ಅವಳನ್ನೇ ನೋಡುತ್ತಿದ್ದೆ. ಜಾರುಬಂಡೆಯ ಮೆಟ್ಟಿಲು ಹತ್ತುವುದು, ಜಾರುವುದು, ಓಡಿಬಂದು ಮತ್ತೆ ಹತ್ತುವುದು. ನಾನು ಎಣಿಸುವುದನ್ನು ಬಿಟ್ಟ ಮೇಲೂ ಅವಳು ಜಾರುತ್ತಲೇ ಇದ್ದಳು. ಒಂದೊಂದು ಸಲವೂ ಅದೇ ಮೊದಲನೆಯ ಸಲವೆಂಬಂಥ ಕೇಕೆ. ನಾನು ನೂರು ಸಲ ಹೇಳಿದ ಕಾಗೆಯ ಕಥೆಯನ್ನೂ ಅವಳು “ಫಿರ್ ಸೇ” ಎಂದು ಹೇಳಿಸುತ್ತಿದ್ದವಳೇ. ಬೇಗ ಮುಗಿಸೋಣವೆಂದು ನಾನು ಒಂದು ಕಡೆ ಹಾರಿಸಿದರೆ, ಕೈಹಿಡಿದು ನಿಲ್ಲಿಸಿ ಆ ಜಾಗಕ್ಕೇ ವಾಪಸು ಕರೆದುಕೊಂಡು ಹೋಗುತ್ತಿದ್ದಳು. ಮತ್ತೆ ಮತ್ತೆ ಮಾಡುವುದು ಅವಳಿಗೆ ಬೇಸರವಾಗಿರಲಿಲ್ಲ. ಬೇಸರವಾಗಿದ್ದದ್ದು ನನಗೆ. ಇಷ್ಟು ಗೊತ್ತಾದ ಮೇಲೆ ಬೆಂಚು ಇನ್ನಷ್ಟು ತಣ್ಣಗಾಯಿತು. ಆಗ ಅಮ್ಮನ ನೆನಪಾಯಿತು.

ನಮ್ಮಪ್ಪ ರೈಲ್ವೆಯಲ್ಲಿ ಹಳಿ ಬದಲಾಯಿಸುವ ಪಾಯಿಂಟ್ಸ್‌ಮನ್. ಮನೆಯಲ್ಲಿ ನಾನು, ತಂಗಿ, ಅಮ್ಮ. ಸಂಜೆ ದೀಪ ಹಚ್ಚಿದ ಮೇಲೆ ನಾನೂ ತಂಗಿಯೂ ಚಾಪೆಯ ಮೇಲೆ ಕೂತು ಕಾಗುಣಿತ, ಮಗ್ಗಿ ಎಲ್ಲ ಗಟ್ಟಿಯಾಗಿ ಒಪ್ಪಿಸಬೇಕು. ಅಮ್ಮ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತ ಕೇಳುವವಳು. ಅವಳು ಓದಿದ್ದು ಮೂರನೆಯ ಕ್ಲಾಸು. ತಪ್ಪಿದರೆ ತಿದ್ದುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಮೊರದಿಂದ ತಲೆಯೆತ್ತಿ, “ಕೇಳಿಸ್ಲಿಲ್ಲ ಕಣೋ, ಇನ್ನೊಂದ್ ಸಲ ಹೇಳು” ಎನ್ನುತ್ತಿದ್ದಳು, ಅಷ್ಟೆ. ಸರಿಯಾಗಿ ಹೇಳಿದರೆ ಕೇಳಿಸುತ್ತಿತ್ತು. ತೊದಲಿದರೆ ಕೇಳಿಸುತ್ತಿರಲಿಲ್ಲ. ನಮ್ಮ ಮನೆಯ ಹಿಂದೆಯೇ ಹಳಿ. ಕಷ್ಟದ ಮಗ್ಗಿಗಳನ್ನು ನಾನು ಗೂಡ್ಸ್ ಗಾಡಿ ಬರುವ ಹೊತ್ತಿಗೆ ಹೊಂದಿಸಿಟ್ಟುಕೊಳ್ಳುತ್ತಿದ್ದೆ. ಗಾಡಿಯ ಸದ್ದಿನಲ್ಲಿ ಬಾಯಿ ಆಡಿಸಿದರೆ ಆಯಿತಲ್ಲ. ಅಮ್ಮ ಕೈ ಅಡ್ಡ ಹಿಡಿದು, “ಗಾಡಿ ಹೋಗ್ಲಿ, ಆಮೇಲೆ ಹೇಳು” ಎನ್ನುವಳು. ಆದರೂ ಒಂದೆರಡು ಸಲ ನನ್ನ ಉಪಾಯ ನಡೆದಿರಬೇಕು. ಹದಿನೇಳರ ಮಗ್ಗಿ ಇವತ್ತಿಗೂ ನನಗೆ ಪೂರ್ತಿ ಬರುವುದಿಲ್ಲ.

ಅಮ್ಮನಿಗೆ ಕಿವಿ ಮಂದ ಎಂದೇ ನಾನು ನಂಬಿದ್ದೆ. ನಂಬಿ ಬಹಳ ಮರುಗಿಯೂ ಇದ್ದೆ. ತಿಪಟೂರಿನಿಂದ ಸೋದರಮಾವ ಬಂದಾಗ ಅವನನ್ನು ಬಾಗಿಲಲ್ಲೇ ತಡೆದು, “ಮಾವ, ಜೋರಾಗಿ ಮಾತಾಡು. ಅಮ್ಮಂಗೆ ಕಿವಿ ಕೇಳ್ಸಲ್ಲ” ಎಂದು ಎಚ್ಚರಿಸಿದೆ. ಪಾಪ, ಮಾವನ ಮುಖ ಇಳಿದುಹೋಯಿತು. ಒಳಗೆ ಹೋದವನೇ, “ಅಕ್ಕಾ! ಚೆನ್ನಾಗಿದೀಯಾ?” ಎಂದು ಕೂಗಿದ ಕೂಗಿಗೆ ಪಕ್ಕದ ಕ್ವಾರ್ಟರ್ಸಿನವರು ಹೊರಗೆ ಬಂದರು. ಅಮ್ಮ ಬೆಚ್ಚಿಬಿದ್ದು, “ಯಾಕೋ ಹಂಗೆ ಕಿರುಚ್ತೀಯ? ಯಾರಿಗೇನಾಯ್ತೋ?” ಎಂದಳು. ಮಾವ ಹಿತ್ತಲಿಗೆ ಹೋಗಿ ಅಪ್ಪನ ಕೈ ಹಿಡಿದು ಪಿಸುದನಿಯಲ್ಲಿ, “ಯಾವಾಗಿಂದ ಹಿಂಗೆ ಭಾವ?” ಎಂದು ಕೇಳಿದರೆ, ಅಡಿಗೆಮನೆಯಿಂದ ಅಮ್ಮ, “ಯಾವಾಗಿಂದ ಏನು?” ಎಂದಳು. ಆ ಹೊತ್ತಿಗೆ ನನಗೆ ವಿಷಯ ಹೊಳೆದಿರಬೇಕು, ಆದರೆ ಒಪ್ಪಿಸುವುದನ್ನು ನಿಲ್ಲಿಸಲಿಲ್ಲ. ಎಷ್ಟೋ ವರ್ಷದ ಮೇಲೆ, ರಜೆಗೆ ಹೋಗಿದ್ದಾಗ, “ಅದೇ ಮಗ್ಗಿ ದಿನಾ ಕೇಳಿ ಕೇಳಿ ನಿಂಗೆ ಬೇಜಾರಾಗ್ತಿರ್ಲಿಲ್ವೇನಮ್ಮ?” ಎಂದು ಕೇಳಿದೆ. ಅಮ್ಮ, “ಅಕ್ಕೀಲಿ ಕಲ್ಲೂ ದಿನಾ ಇರ್ತಿತ್ತಲ್ಲೋ” ಎಂದಳು. ಅವಳು ಹೋಗಿ ಬಹಳ ವರ್ಷವಾಯಿತು. ಈಗ ಬರುವ ಅಕ್ಕಿಯಲ್ಲಿ ಕಲ್ಲೂ ಇರುವುದಿಲ್ಲ.

ನಾಲ್ಕನೆಯ ದಿನ ತಾರಾ ತಾನಾಗಿ ನನ್ನ ಹತ್ತಿರ ಬಂದಳು. ನನ್ನ ಮೇಲಿನ ಪ್ರೀತಿಯಿಂದಲ್ಲ. ಎಳ್ಳು ಬೆಲ್ಲದ ಗಜಕ್ ಇದ್ದ ಡಬ್ಬ ನನ್ನ ತಲೆಯ ಮೇಲಿನ ಕಪಾಟಿನಲ್ಲಿತ್ತು. “ತಾತಾ, ಗಜಕ್ ದೋ.” ನಾನು ಕಿವಿಯ ಹಿಂದೆ ಕೈ ಇಟ್ಟು, “ಏನಂದೆ ಪುಟ್ಟಿ? ಕೇಳಿಸ್ಲಿಲ್ಲ” ಎಂದೆ. ಅವಳು ಗಟ್ಟಿಯಾಗಿ ಹೇಳಿದಳು. “ಊಹೂಂ. ಈ ಕಿವೀಲಿ ಹಿಂದಿ ಕೇಳ್ಸೋದೇ ಇಲ್ಲ. ಕನ್ನಡ ಆದ್ರೆ ಒಂಚೂರು ಕೇಳ್ಸುತ್ತೆ.” ಅವಳು ನನ್ನ ಕಿವಿಯೊಳಗೆ ಇಣುಕಿ ನೋಡಿದಳು. ಏನು ಕಂಡಿತೋ, ಬಾಯಿ ಹತ್ತಿರ ತಂದು, “ಗಜಕ್... ಕೊಡು” ಎಂದಳು. ತಕ್ಷಣ ಕೇಳಿಸಿತು. ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು! ಕೆಟ್ಟುಹೋದ ರೇಡಿಯೋವನ್ನು ತಟ್ಟಿ ಸರಿಮಾಡಿದವರ ಹೆಮ್ಮೆ. ಅಲ್ಲಿಂದ ಮುಂದೆ ಪಾಠ ನಾನು ಮಾಡಬೇಕಾಗಲೇ ಇಲ್ಲ. ಸ್ಕೂಲಿನಿಂದ ಬಂದವಳೇ ಮೋಡಾ, ಅಂದರೆ ಬೆತ್ತದ ಪೀಠ, ಎಳೆದುಕೊಂಡು ಅದರ ಮೇಲೆ ಹತ್ತಿ ನಿಂತು, “ಅ! ಕೇಳಿಸ್ತಾ?” “ಇಲ್ಲ.” “ಅ! ಅ!” “ಹಾಂ, ಈಗ ಕೇಳ್ಸ್ತು. ಆಮೇಲೆ?” ಹೀಗೆ ನಡೆಯುತ್ತಿತ್ತು. ಕುರುಡನಿಗೆ ದಾರಿ ತೋರಿಸುವ ಹಾಗೆ ಅವಳು ಕಿವುಡನಿಗೆ ವರ್ಣಮಾಲೆ ದಾಟಿಸುತ್ತಿದ್ದಳು. ನಮ್ಮ ಬಾಲ್ಕನಿಯ ಮೇಲೇ ವಿಮಾನಗಳು ಇಳಿಯುವ ದಾರಿ. ಒಂದು ಬಂದಾಗ ಇಬ್ಬರೂ ಬಾಯಿ ಮುಚ್ಚಿ ಕಾಯುತ್ತಿದ್ದೆವು. “ಹೋಗ್ಲಿ, ಆಮೇಲೆ ಹೇಳು” ಎನ್ನುವಾಗ ನನ್ನ ಗಂಟಲಿನಲ್ಲಿ ಇನ್ಯಾರದೋ ದನಿ ಇತ್ತು. ಚಳಿ ಮುಗಿಯುವ ಹೊತ್ತಿಗೆ ಅವಳು ‘ಳ’ ತನಕ ಬಂದಿದ್ದಳು. ಅಕ್ಷರಗಳ ಮೇಲಿನ ಸೂರೂ ಒಂದೊಂದಾಗಿ ಹಾರಿಹೋಗಿತ್ತು. ಕೇಳಿದ್ದಕ್ಕೆ, “ಕನ್ನಡದಲ್ಲಿ ಮಳೆ ಬರಲ್ಲ” ಎಂದು ಅವಳೇ ವಿವರಿಸಿದಳು.

ನನ್ನ ಲೆಕ್ಕಾಚಾರದಲ್ಲಿ ಒಂದು ತಪ್ಪಾಗಿತ್ತು. ಮಗು ಗುಟ್ಟು ಇಟ್ಟುಕೊಳ್ಳುವುದಿಲ್ಲ. ಮೊದಲು ಭಾಟಿಯಾ ಪಾರ್ಕಿನಲ್ಲಿ ಸಿಕ್ಕು, “ರಾವ್ ಸಾಬ್! ನಮಸ್ತೇ! ತಬಿಯತ್ ಠೀಕ್?” ಎಂದು ನನ್ನ ಮುಖಕ್ಕೆ ಮುಖ ತಂದು ಕೂಗಿದರು. ವಯಸ್ಸಾಯಿತು, ಅವರಿಗೇ ಕಿವಿ ಹೋಗಿರಬೇಕು ಎಂದುಕೊಂಡು ನಾನೂ ಕೂಗಿ ಉತ್ತರಿಸಿದೆ. ಆಮೇಲೆ ಹಾಲಿನ ಬೂತಿನ ಭಯ್ಯಾ ಮಾತು ಬಿಟ್ಟು ಬೆರಳುಗಳಲ್ಲಿ ಎಷ್ಟು ಪ್ಯಾಕೆಟ್ ಎಂದು ಕೇಳತೊಡಗಿದ. ಅಷ್ಟರಲ್ಲಿ ಸುಧಾ ಮಗುವಿನ ಸ್ಕೂಲಿನಿಂದ ಒಂದು ಚಿತ್ರ ತಂದು ಮೇಜಿನ ಮೇಲಿಟ್ಟಳು. ‘ನನ್ನ ಕುಟುಂಬ’ ಎಂದು ತಾರಾ ಬರೆದದ್ದು. ಎಲ್ಲರಿಗೂ ಎರಡೆರಡು ಕಿವಿ ಇದ್ದವು, ಭಾಟಿಯಾರ ಬೆಕ್ಕಿಗೂ ಸಹ. ನನಗೆ ಒಂದೂ ಇರಲಿಲ್ಲ. “ಟೀಚರ್ ನನ್ನ ಪಕ್ಕಕ್ಕೆ ಕರ್ದು ಕೇಳಿದ್ರು, ಮನೇಲಿ ಯಾರಿಗಾದ್ರೂ ತೊಂದ್ರೆ ಇದ್ಯಾ ಅಂತ. ಅಪ್ಪಾ, ಯಾಕೆ ನಮಗೆ ಹೇಳ್ಲಿಲ್ಲ?” ಅವಳ ಕಣ್ಣು ತುಂಬಿತ್ತು. ನಾನು ವಿಷಯ ಹೇಳಲು ಬಾಯಿ ತೆರೆದೆ. ಎದುರಿಗೆ ತಾರಾ ನಿಂತಿದ್ದಳು. ಈಗ ಹೇಳಿದರೆ ಇನ್ನು ಒತ್ತಕ್ಷರಕ್ಕೆ ಗತಿ ಯಾರು? ಬಾಯಿ ಮುಚ್ಚಿದೆ. ವಿಮಲಾ ನಿಟ್ಟುಸಿರು ಬಿಟ್ಟು, “ನಂಗೆ ಯಾವತ್ತೋ ಗೊತ್ತಿತ್ತು. ನಾನು ಹೇಳಿದ್ದು ಇವ್ರಿಗೆ ಯಾವಾಗ ಕೇಳ್ಸಿದೆ?” ಎಂದಳು. ಮರುದಿನವೇ ಡಾಕ್ಟರ ಸಮಯ ಗೊತ್ತಾಯಿತು.

ಎಲ್ಲರೂ ಒಟ್ಟಿಗೆ ಹೋದೆವು. ತಾರಾ ಕಾರಿನಲ್ಲಿ ಯಾಕೋ ನನ್ನ ಕಿವಿಯನ್ನೇ ನೋಡುತ್ತ ಕೂತಿದ್ದಳು. ನನ್ನನ್ನು ಒಂದು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. “ಅಂಕಲ್, ಸದ್ದು ಕೇಳಿದಾಗಲೆಲ್ಲ ಒತ್ತಿ” ಎಂದು ಪರೀಕ್ಷೆ ಮಾಡುವ ಹುಡುಗಿ ಹಿಂದಿಯಲ್ಲಿ ಹೇಳಿದಳು. ಬಲಗಿವಿಯಲ್ಲಿ ಅದೇ ಟುಂಯ್ ಎಂಬ ಸದ್ದು ಸಣ್ಣಗೆ, ಇನ್ನೂ ಸಣ್ಣಗೆ, ಮತ್ತೆ ಮತ್ತೆ. ಒಂದನ್ನೂ ಬಿಡದೆ ಒತ್ತಿದೆ. ಎಡಗಿವಿಯ ಸರದಿ ಬಂದಾಗ ಬಹಳ ಹೊತ್ತು ಏನೂ ಆಗಲಿಲ್ಲ. ಹುಡುಗಿ ಚಹಾ ಕುಡಿಯಲು ಹೋಗಿರಬೇಕೆಂದು ಆರಾಮವಾಗಿ ಕೂತಿದ್ದೆ.

ಹೊರಗೆ ಬಂದರೆ ತಾರಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಸುಧಾ, ವಿಮಲಾ ಇಬ್ಬರಿಗೂ ಕಾರಣ ಗೊತ್ತಾಗಿರಲಿಲ್ಲ. ನನ್ನನ್ನು ನೋಡಿದವಳೇ ಓಡಿಬಂದು ಕಾಲು ತಬ್ಬಿಕೊಂಡು, “ತಾತಾ, ಮೈನೇ ಆಪ್ಕೇ ಕಾನ್ ತೋಡ್ ದಿಯೇ” ಎಂದಳು. ದಿನವೂ ಕೂಗಿ ಕೂಗಿ ತಾತನ ಕಿವಿಯನ್ನು ತಾನೇ ಮುರಿದೆ ಎಂದುಕೊಂಡಿತ್ತು ಮಗು. ಮನಸ್ಸಿನಲ್ಲಿ ಅದನ್ನು ಎಷ್ಟು ದಿನದಿಂದ ಇಟ್ಟುಕೊಂಡಿತ್ತೋ. ಅಲ್ಲೇ ಮಂಡಿಯೂರಿ ಕೂತು, “ಇಲ್ಲ ಪುಟ್ಟಿ, ನನ್ನ ಕಿವಿಗೆ ಏನೂ ಆಗಿಲ್ಲ. ನಂಗೆ ಮೊದ್ಲಿಂದಾನೂ ಕೇಳಿಸ್ತಿತ್ತು. ನೀನು ಕನ್ನಡ ಹೇಳ್ಲಿ ಅಂತ ಸುಮ್ನೆ ನಾಟಕ ಮಾಡ್ದೆ” ಎಂದೆ. ಅವಳು ಅಳು ನಿಲ್ಲಿಸಿದಳು. ನನ್ನ ಮುಖವನ್ನೇ ನೋಡಿದಳು. “ಹಿಂದಿನೂ ಕೇಳಿಸ್ತಿತ್ತಾ?” “ಹೂಂ.” “ಅ ಹೇಳಿದ್ದೂ?” “ಹೂಂ.” ಆಮೇಲೆ ನಿಧಾನವಾಗಿ, ಒಂದೊಂದೇ ಪದವನ್ನು ಜೋಡಿಸಿ ಹೇಳಿದಳು. “ತಾತ, ನೀನು ನಂಗೆ ದಿನಾ ಸುಳ್ಳು ಹೇಳ್ದೆ.” ಅವಳ ಬಾಯಿಂದ ಒಂದು ಹಿಂದಿ ಪದವೂ ಇಲ್ಲದೆ ಹೊರಟ ಮೊದಲ ದೊಡ್ಡ ವಾಕ್ಯ ಅದು. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ತಂತಮ್ಮ ಜಾಗದಲ್ಲಿದ್ದವು. ನನಗೆ ನಾಚಿಕೆಯಾಯಿತು, ಹಿಗ್ಗೂ ಆಯಿತು. ಎರಡರಲ್ಲಿ ಯಾವುದು ಹೆಚ್ಚೆಂದು ಈಗಲೂ ಹೇಳಲಾರೆ. “ತಪ್ಪಾಯ್ತು ಪುಟ್ಟಿ” ಎಂದೆ. ಅವಳು ನನ್ನ ಕೆನ್ನೆಗೆ ಒಂದು ಮೆಲುವಾದ ಏಟು ಕೊಟ್ಟು ಕ್ಷಮಿಸಿದಳು.

ಅಷ್ಟರಲ್ಲಿ ಡಾಕ್ಟರು ಕಾಗದ ಹಿಡಿದು ಬಂದರು. ಬಲಗಿವಿ ಪರವಾಗಿಲ್ಲವಂತೆ. ಎಡಗಿವಿ ಅರ್ಧಕ್ಕಿಂತ ಹೆಚ್ಚು ಹೋಗಿದೆಯಂತೆ, ಹೋಗಿ ಕೆಲವು ವರ್ಷಗಳೇ ಆಗಿರಬಹುದಂತೆ. ನಾನು ದಿಗ್ಭ್ರಮೆಯಿಂದ, “ಇಲ್ಲ ಡಾಕ್ಟರೇ, ನಾನು ನಾಟಕ ಮಾಡ್ತಿದ್ದೆ” ಎಂದೆ. ಅವರು ಬಹಳ ಕರುಣೆಯಿಂದ ನಕ್ಕು, ಮೊದಲು ಎಲ್ಲರೂ ಹೀಗೇ ಹೇಳುತ್ತಾರೆ ಎಂದರು. ಸುಧಾ ನನ್ನ ಬೆನ್ನು ಸವರಿ, “ಪರ್ವಾಗಿಲ್ಲ ಬಿಡಿ ಅಪ್ಪಾ, ಇದ್ರಲ್ಲಿ ನಾಚ್ಕೊಳ್ಳೋದೇನಿದೆ” ಎಂದಳು. ನಾಟಕದ ವಿಷಯವನ್ನು ಇವತ್ತಿಗೂ ನಮ್ಮ ಮನೆಯಲ್ಲಿ ಯಾರೂ ನಂಬಿಲ್ಲ. ನಂಬಿದವಳು ತಾರಾ ಒಬ್ಬಳೇ. ಅವಳ ಮಾತನ್ನು ಕೇಳುವವರಿಲ್ಲ.

ಈಗ ನನ್ನ ಎಡಗಿವಿಯಲ್ಲಿ ಒಂದು ಪುಟ್ಟ ಮಿಷನ್ನಿದೆ. ತಾರಾ ಒತ್ತಕ್ಷರಕ್ಕೆ ಬಂದಿದ್ದಾಳೆ, ಯಾವ ಮೋಸವೂ ಇಲ್ಲದೆ, ತಾನಾಗಿಯೇ ಮೋಡಾ ಎಳೆದುಕೊಂಡು. ಮಿಷನ್ ಹಾಕಿದ ದಿನ ಮನೆಯೊಳಗೆ ಎಷ್ಟೊಂದು ಸದ್ದುಗಳಿವೆಯೆಂದು ಗಾಬರಿಯಾದೆ. ಫ್ಯಾನು ಕಿರುಗುಡುತ್ತದೆ, ನಲ್ಲಿ ತೊಟ್ಟಿಕ್ಕುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ನಾನು ಏನಾದರೂ ಹೇಳಿ ಮುಗಿಸಿ ಗೆದ್ದೆನೆಂದು ಪೇಪರು ಬಿಡಿಸಿದ ಮೇಲೆ ವಿಮಲಾ ಅಡಿಗೆಮನೆಯಲ್ಲಿ ತನ್ನಷ್ಟಕ್ಕೆ ಒಂದು ಉತ್ತರ ಕೊಡುತ್ತಾಳೆ. ಇಷ್ಟು ವರ್ಷವೂ ಕೊಡುತ್ತಿದ್ದಳಂತೆ. ಉತ್ತರಗಳು ಬಹಳ ಚುರುಕಾಗಿವೆ, ಮತ್ತು ನಿಜ ಹೇಳಬೇಕೆಂದರೆ, ಹೆಚ್ಚಿನವು ಸರಿಯಾಗಿಯೂ ಇವೆ. ಮೊದಲ ದಿನ ತಡೆಯಲಾರದೆ “ಏನಂದೆ?” ಎಂದು ಕೇಳಿ, ಆಮೇಲೆ ಅರ್ಧ ಗಂಟೆ ಪಶ್ಚಾತ್ತಾಪಪಟ್ಟೆ. ಕೇಳಿಸಿದರೂ ಮುಖದ ಮೇಲೆ ಏನೂ ತೋರಿಸದೆ ಪುಟ ತಿರುಗಿಸುವುದನ್ನು ಈಗ ಅಭ್ಯಾಸ ಮಾಡುತ್ತಿದ್ದೇನೆ. ಇನ್ನೂ ಪೂರ್ತಿ ಕೈಗೂಡಿಲ್ಲ, ಹುಬ್ಬು ಮೇಲಕ್ಕೆ ಹೋಗಿಬಿಡುತ್ತದೆ. ಆದರೆ ದಿನಕ್ಕೆ ಹತ್ತು ಹನ್ನೆರಡು ಸಲವಾದರೂ ಅವಕಾಶ ಸಿಗುತ್ತಿರುವುದರಿಂದ, ದೀಪಾವಳಿಯ ಹೊತ್ತಿಗೆ ಕಲಿತುಬಿಡುತ್ತೇನೆಂಬ ಭರವಸೆಯಿದೆ.